ಕೊಡವ ತಕ್ಕ್‌ನ ವ್ಯಾಕರಣಕ್ಕೆ ಆಕರ ಒಟ್ಟುಮಾಡಿದ ಬಗೆ

ಕೊಡವ ತಕ್ಕ್‌ನ (ಕೊಡಗಿನ ಕೊಡವರ ಭಾಷೆಯ) ವ್ಯಾಕರಣ ಬೇಕೆಂದರೆ ಕೊಡಗಿಗೇ ಹೋಗಿ ನೆಲೆಸಬೇಕು, ಪುಸ್ತಕಗಳಲ್ಲಿ ಏನೂ ಸಿಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಈಗ ನನ್ನ ಬಳಿ ಸುಮಾರು ಮುನ್ನೂರು ಕ್ರಿಯಾಪದಗಳ ರೂಪಾವಳಿ, ಅಂದರೆ ಬದಲಾಗುವ ರೂಪಗಳ ಪಟ್ಟಿ, ಇದೆ. ಅದರ ಮುಕ್ಕಾಲು ಪಾಲು ಮುದ್ರಿತ ಆಕರಗಳಿಂದಲೇ ಬಂದದ್ದು.

ಮೊದಲ ತಿಂಗಳುಗಳು ‘ಕೊಡವ’ ಎಂಬ ಒಂದೇ ಹೆಸರಿನ ಹಿಂದೆ ಹಾಳಾದವು. ಕೊಡಗು 1956ರವರೆಗೆ ಕೂರ್ಗ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿತ್ತು. ಹಳೆಯ ಗ್ರಂಥಸೂಚಿಗಳಲ್ಲಿ ಎಲ್ಲವೂ ಕೂರ್ಗ್, ದ್ರಾವಿಡ ಭಾಷಾವಿಜ್ಞಾನಿಗಳಲ್ಲಿ ಕೊಡಗು, ಈಚಿನವರಲ್ಲಿ ಕೊಡವ. ಮೂರನ್ನೂ ಬೇರೆ ಬೇರೆಯಾಗಿ ಹುಡುಕಿದ ಮೇಲೆಯೇ 1867ರ ಕ್ಯಾಪ್ಟನ್ ಕೋಲ್ ವ್ಯಾಕರಣ, 1977ರ ಬಾಲಕೃಷ್ಣನ್ ವ್ಯಾಕರಣ, ಕರೆನ್ ಎಬರ್ಟ್ ಅವರ 1996ರ ತೆಳು ಪುಸ್ತಕ ಒಂದೊಂದಾಗಿ ಕೈಗೆ ಬಂದವು.

ದುಡ್ಡು ಹೋದ ಕಥೆಯನ್ನೂ ಹೇಳಲೇಬೇಕು. ಕೋಲ್ ವ್ಯಾಕರಣದ ಮರುಮುದ್ರಣಕ್ಕೆಂದು ಸುಮಾರು ಎಂಟುನೂರು ರೂಪಾಯಿ ಕೊಟ್ಟೆ. ಬಂದದ್ದು ಯಂತ್ರ ಓದಿ ಅಚ್ಚುಹಾಕಿದ ಪ್ರತಿ. ರೂಪಾವಳಿಯ ಕೋಷ್ಟಕಗಳೆಲ್ಲ ಕಲಸಿಹೋಗಿ ಯಾವ ವಿಭಕ್ತಿ ಯಾವುದೆಂದು ತಿಳಿಯುವಂತಿರಲಿಲ್ಲ. ಹಣ ವಾಪಸಾಗಲಿಲ್ಲ. ಅಂಥ ಮರುಮುದ್ರಣವನ್ನು ಯಾರೂ ಕೊಳ್ಳಬೇಡಿ, ಮೂಲ ಪುಟಗಳ ಚಿತ್ರವನ್ನೇ ಹುಡುಕಿ. ಪುಟದ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿಸಲು ಇನ್ನೊಂದು ಎರಡು ಸಾವಿರ ಹೋಯಿತು, ಅದು ಮಾತ್ರ ಸಾರ್ಥಕ. ಹೊರಗೆ ಕೊಡದ ಪ್ರತಿಗಳನ್ನು ತೆರೆಸಲು ಗ್ರಂಥಾಲಯದವರಿಗೆ ಹೇಗೆ ಪತ್ರ ಬರೆಯಬೇಕೆಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನನ್ನ ಗಳಿಕೆ.

ನಿಜವಾದ ದಾರಿ ತೋರಿಸಿದ್ದು ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು, ಅದರ 1984ರ ಎರಡನೆಯ ಆವೃತ್ತಿ. ಷಿಕಾಗೋ ವಿಶ್ವವಿದ್ಯಾಲಯ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಎಲ್ಲರೂ ಅದನ್ನು ಪದಮೂಲಕ್ಕೆಂದು ತೆರೆಯುತ್ತಾರೆ, ನಾನು ವ್ಯಾಕರಣಕ್ಕೆಂದು ತೆರೆದೆ. ಕೊಡಗು ನಮೂದುಗಳಲ್ಲಿ ಕ್ರಿಯಾಪದದ ಎದುರು ಆವರಣದಲ್ಲಿ ಇನ್ನೆರಡು ತುಂಡುಗಳಿರುತ್ತವೆ. ಅವೇ ಕಾಲವಾಚಕ ಪ್ರಕೃತಿಗಳು, ಅಂದರೆ ಕಾಲಕ್ಕೆ ತಕ್ಕಂತೆ ಕ್ರಿಯಾಪದ ತಾಳುವ ಮೂಲರೂಪಗಳು. ಅವನ್ನು ಚೀಟಿಗಳಿಗೆ ಇಳಿಸಿ ಅಂತ್ಯದ ಪ್ರಕಾರ ವಿಂಗಡಿಸಿದರೆ ಕ್ರಿಯಾವರ್ಗಗಳು, ಅಂದರೆ ಒಂದೇ ಬಗೆಯಲ್ಲಿ ರೂಪ ಬದಲಿಸುವ ಕ್ರಿಯಾಪದಗಳ ಗುಂಪುಗಳು, ತಾವಾಗಿಯೇ ಬೇರೆಯಾಗುತ್ತವೆ. ಈ ಕೆಲಸ ಆಗದು ಎಂದ ಮಿತ್ರರೊಬ್ಬರು ಈಗ ತುಳುವಿಗೂ ಇದೇ ಬಗೆಯಲ್ಲಿ ಚೀಟಿ ಮಾಡುತ್ತಿದ್ದಾರೆ.

ಸ್ವರಗಳಲ್ಲಿ ಮಾತ್ರ ಬಹಳ ಕಾಲ ಒದ್ದಾಡಿದೆ. ಕನ್ನಡ ಲಿಪಿಯಲ್ಲಿ ಬರೆದ ಕೊಡವ ಬರಹದಲ್ಲಿ ನಡುನಾಲಿಗೆಯ ಸ್ವರಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಟ, ಣ, ಳ ಬಗೆಯ ಮೂರ್ಧನ್ಯದ ಮುಂಚಿನ ಇ, ಎ ಹಿಂದಕ್ಕೆ ಸರಿಯುತ್ತವೆ. ಆ ಸ್ವರಗಳಿಗೆ ಮುಂಚೆ ಪ, ಬ, ಮ ಬಗೆಯ ತುಟಿವ್ಯಂಜನವಿದ್ದರೆ ದುಂಡಗಾಗುತ್ತವೆ. ನಮ್ಮ ‘ಹೆಣ್ಣು’ ಅಲ್ಲಿ ‘ಪೊಣ್ಣ್’ ಆಗಿರುವುದು ಹೀಗೆ. ಇದನ್ನು ಎಮೆನೋ ಅವರ 1970ರ ಲೇಖನ ಬಿಡಿಸಿಟ್ಟಿದೆ. ನಂಬಿ ಸುಮ್ಮನಿರಲಾರದೆ ಒಬ್ಬ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮಾತಿನ ಧ್ವನಿಯನ್ನು ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ಅಳೆದೆ. ಸಾಮಾನ್ಯ ಇಕಾರದ ಎರಡನೆಯ ಫಾರ್ಮಂಟ್ (ನಾಲಿಗೆ ಮುಂದಿದೆಯೋ ಹಿಂದಿದೆಯೋ ತೋರಿಸುವ ಅನುರಣನ ಆವರ್ತನ) ಎರಡು ಸಾವಿರ ಹರ್ಟ್ಸ್ ದಾಟುತ್ತಿತ್ತು. ನಡುಸ್ವರದ್ದು ಹದಿನಾರು ನೂರರ ಆಸುಪಾಸು. ಕಿವಿ ಹಿಡಿಯದ್ದನ್ನು ಪರದೆ ಹಿಡಿಯಿತು. ಆಮೇಲೆ ಕಿವಿಯೂ ಪಳಗಿತು.

ವಾಕ್ಯರಚನೆಗೆ ನಡಿಕೇರಿಯಂಡ ಚಿಣ್ಣಪ್ಪನವರ 1924ರ ‘ಪಟ್ಟೋಲೆ ಪಳಮೆ’ ಎಂಬ ಕೊಡವ ಜನಪದ ಹಾಡುಗಳ ಸಂಗ್ರಹವನ್ನು ಹಿಡಿದೆ. ಹಾಡಿನ ಭಾಷೆಯಿಂದ ವ್ಯಾಕರಣ ತೆಗೆಯಬಾರದು ಎಂದು ತಲೆಯಾಡಿಸುವವರು ಒಮ್ಮೆ ಅದರ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಓದಲಿ. ಛಂದಸ್ಸಿಗಾಗಿ ಪದಕ್ರಮ ಏರುಪೇರಾಗುತ್ತದೆ, ನಿಜ. ಆದರೆ ವಿಭಕ್ತಿ ಪ್ರತ್ಯಯಗಳು ಬಿದ್ದುಹೋಗುವುದಿಲ್ಲ. ಆಡುಮಾತಿನಲ್ಲಿ ನುಂಗಿಹೋದ ಅಂತ್ಯಗಳೂ ಹಾಡಿನಲ್ಲಿ ಉಳಿದಿರುತ್ತವೆ. ಅಲ್ಲಿ ಸಿಕ್ಕ ರೂಪ ಎಬರ್ಟ್ ಅವರ ಪುಸ್ತಕದಲ್ಲಿ ಇಲ್ಲದಿದ್ದರೆ ಮಾತ್ರ ಹಿರಿಯರಿಗೆ ಫೋನ್ ಮಾಡುತ್ತೇನೆ. ‘ಇದನ್ನು ಕೊಡವದಲ್ಲಿ ಹೇಗೆ ಹೇಳುತ್ತೀರಿ’ ಎಂದು ಎಂದಿಗೂ ಕೇಳುವುದಿಲ್ಲ, ಕೇಳಿದರೆ ಕನ್ನಡದ ಅಚ್ಚಿನಲ್ಲೇ ಉತ್ತರ ಬರುತ್ತದೆ. ನಿನ್ನೆಯ ಮಳೆ, ನಾಳೆಯ ಮದುವೆ ಎಂದು ಮಾತು ತೆಗೆದು ಬೇಕಾದ ಕಾಲರೂಪ ಬರುವವರೆಗೆ ಕಾಯುತ್ತೇನೆ. ಈ ತಿಂಗಳು ನಿಷೇಧರೂಪಗಳ ಸರದಿ, ಇನ್ನೂ ನಲವತ್ತು ಚೀಟಿಗಳು ಖಾಲಿ ಇವೆ.