ಸ್ಕೋರ್ ಬುಕ್ಕಲ್ಲಿ 70, ಮೊಣಕೈಯಲ್ಲಿ 230: ಮಕ್ಕಳ ಪಿಚಿಂಗ್ ಲೆಕ್ಕ, ನನ್ನ ಅನುಭವ

ಎರಡು ಸೀಸನ್ ಆಯ್ತು, ನಮ್ಮ ಮಕ್ಕಳ ಬೇಸ್‌ಬಾಲ್ ಟೀಮಲ್ಲಿ ಒಬ್ಬ ಹುಡುಗನೂ ಮೊಣಕೈ ನೋವು ಅಂತ ಆಟ ಬಿಟ್ಟು ಕೂತಿಲ್ಲ, ಮೊನ್ನೆ ಬೇಸಿಗೆ ಟೂರ್ನಮೆಂಟಲ್ಲಿ ಸೆಮಿಫೈನಲ್‌ವರೆಗೂ ಹೋದ್ವಿ. ಅದಕ್ಕೇ ಈಗ ಬರೀತಿದೀನಿ, ಮೊದಲೇ ಬರೆದಿದ್ರೆ ಯಾರೂ ನಂಬ್ತಿರಲಿಲ್ಲ. ತೋಕ್ಯೋದ ನಿಶಿಕಸಾಯಿ ಕಡೆ ಇರೋ ನಮ್ಮೋರು, ಮಕ್ಕಳನ್ನ ಶೋನೆನ್ ಯಾಕ್ಯೂಗೆ (ಸ್ಕೂಲ್ ಮಕ್ಕಳ ಬೇಸ್‌ಬಾಲ್) ಸೇರಿಸಿ ಶನಿವಾರ ಭಾನುವಾರ ಎರಡನ್ನೂ ಅರಾಕಾವಾ ನದಿ ದಂಡೆ ಮೈದಾನಕ್ಕೆ ಬರೆದುಕೊಟ್ಟಿರೋ ಅಪ್ಪಂದಿರಿಗೆ ಬೇಸಿಕ್ ಏನೂ ಹೇಳೋದು ಬೇಡ. ಮಕ್ಕಳ ರಬ್ಬರ್ ಚೆಂಡು ಜೆ ಬಾಲ್, ಎಸೆಯೋ ದೂರ 16 ಮೀಟರ್, ಕರ್ವ್ ಅಂದ್ರೆ ತಿರುವು ಚೆಂಡು ಹಾಕೋಹಾಗಿಲ್ಲ, ಒಬ್ಬ ಪಿಚರ್‌ಗೆ ದಿನಕ್ಕೆ 70 ಪಿಚ್, ಅಂದ್ರೆ ಬ್ಯಾಟ್ಸ್‌ಮನ್‌ಗೆ ಎಸೆಯೋ ಎಸೆತ, ನಾಲ್ಕನೇ ಕ್ಲಾಸ್‌ವರೆಗೆ 60, ಎಲ್ಲಾ ಗೊತ್ತಿರೋದೇ. ನಾನು ಹೇಳೋಕೆ ಹೊರಟಿರೋದು ಆ 70 ಅನ್ನೋ ನಂಬರನ್ನ ನಂಬ್ಕೊಂಡು ನಾವು ಹೇಗೆ ಕೆಟ್ವಿ ಅಂತ.

2021ರಲ್ಲಿ ಕೋಚ್ ಕಡಿಮೆ ಇದ್ರು ಅಂತ ನಾನೂ ಸೇರ್ಕೊಂಡೆ. ಶಿವಮೊಗ್ಗದಲ್ಲಿ ಕಾಲೇಜ್ ದಿನಗಳಲ್ಲಿ ಫಾಸ್ಟ್ ಬೌಲಿಂಗ್ ಮಾಡಿ ಇಪ್ಪತ್ತೊಂದಕ್ಕೇ ಬೆನ್ನು ಕಳ್ಕೊಂಡೋನು ನಾನು, ಬಿಟ್ರೆ ಬೇಸ್‌ಬಾಲ್ ಗಂಧ ಇರಲಿಲ್ಲ. ಆಗ ನಮ್ಮಲ್ಲಿ ಊರಿಗೊಬ್ಳೇ ಪದ್ಮಾವತಿ ಅನ್ನೋ ಹಾಗೆ ಒಬ್ಬನೇ ಪಿಚರ್, ಆರನೇ ಕ್ಲಾಸ್ ಹುಡುಗ, ಒಂದನೇ ನಂಬರ್ ಜರ್ಸಿ. 70 ಆಯ್ತು ಅಂದ್ರೆ ಕಾಂತೋಕು (ಟೀಮಿನ ಮುಖ್ಯ ಕೋಚ್) ನಿಯತ್ತಾಗಿ ಇಳಿಸೋರು, ಅದರಲ್ಲಿ ಒಂದು ಎಸೆತ ಆಚೀಚೆ ಆಗ್ತಿರಲಿಲ್ಲ. ಆದ್ರೆ ಇಳಿಸಿ ಎಲ್ಲಿ ನಿಲ್ಲಿಸೋರು? ಪ್ರತಿ ಪಿಚ್ ಹಿಡಿದು ವಾಪಸ್ ಎಸೆಯೋ ಕ್ಯಾಚರ್ ಜಾಗದಲ್ಲಿ! ಯಾಕಂದ್ರೆ ಟೀಮಲ್ಲಿ ಗಟ್ಟಿ ಕೈ ಅವನದೇ.

ಅಕ್ಟೋಬರ್ ಒಂದು ಶನಿವಾರ ಬೆಳಿಗ್ಗೆ ಆ ಹುಡುಗ ನನ್ನ ಹತ್ರ ಬಂದು ಸುಮ್ನೆ ನಿಂತ. ಏನಪ್ಪಾ ಅಂದ್ರೆ ಏನಿಲ್ಲ ಅಂದ. ಎರಡೂ ಕೈ ಮುಂದಕ್ಕೆ ಚಾಚು, ಅಂಗೈ ಮೇಲೆ ಮಾಡು ಅಂದೆ. ಎಡಗೈ ನೆಟ್ಟಗೆ ಬಂತು, ಬಲಗೈ ಒಂದು ಬೆರಳಷ್ಟು ಮಡಚಿಕೊಂಡೇ ನಿಂತ್ಬಿಡ್ತು, ಎಷ್ಟು ಚಾಚಿದ್ರೂ ನೇರ ಆಗ್ತಿಲ್ಲ. ಬೆರಳಿಂದ ಹೆಗಲು ಮುಟ್ಟು ಅಂದ್ರೆ ಎಡಗೈ ಮುಟ್ತು, ಬಲಗೈ ಮುಟ್ಲಿಲ್ಲ. ಒಳಗಡೆ ಮೂಳೆ ಗಂಟಿನ ಮೇಲೆ ಬೆರಳಿಟ್ಟೆ ಅಷ್ಟೇ, ಕಣ್ಣಲ್ಲಿ ನೀರು. ಎಷ್ಟು ದಿನದಿಂದ ಅಂದ್ರೆ ಬೇಸಿಗೆ ರಜೆಯಿಂದ ಅಂದ. ನನ್ನ ಹೊಟ್ಟೆ ಚುರ್ ಅಂತು. ಎಳೇ ಮೂಳೆ ತುದಿ ಎಳೆದು ಬಿರುಕು ಬಿಟ್ಟಿತ್ತು, ಮೂರು ತಿಂಗಳು ಚೆಂಡು ಮುಟ್ಟೋಹಾಗಿಲ್ಲ ಅಂದ್ರು ಡಾಕ್ಟರ್.

ಆಮೇಲೆ ಎರಡು ವಾರ ನಾನು ಬೇರೆ ಕೆಲಸ ಮಾಡ್ಲಿಲ್ಲ. ನೂರು ಯೆನ್ ಅಂಗಡೀಲಿ ಸಿಗೋ ಕ್ಲಿಕ್ಕರ್ ಇಟ್ಕೊಂಡು ಅವನ ಜಾಗಕ್ಕೆ ಬಂದ ಹುಡುಗ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೈ ಬೀಸಿದ್ದನ್ನೆಲ್ಲಾ ಎಣಿಸಿದೆ. ಇಬ್ಬರು ಎಸೆದು ಹಿಡಿಯೋ ಕ್ಯಾಚ್ ಬಾಲ್ ಐವತ್ತು ಅರವತ್ತು, ಮೈದಾನದ ಪಕ್ಕ ಬುಲ್‌ಪೆನ್ನಲ್ಲಿ ತಯಾರಿಗೆ ಮೂವತ್ತು, ಇನ್ನಿಂಗ್ಸ್ ಮಧ್ಯೆ ವಾರ್ಮಪ್ ಇಪ್ಪತ್ತು ಚಿಲ್ಲರೆ, ಮ್ಯಾಚಲ್ಲಿ 68, ಆಮೇಲೆ ಕ್ಯಾಚರ್ ಆಗಿ ವಾಪಸ್ ಎಸೆದಿದ್ದು, ಬೇಸ್ ಕದಿಯೋಕೆ ಓಡೋರನ್ನ ಔಟ್ ಮಾಡೋಕೆ ಎಸೆದಿದ್ದು, ಸಾಯಂಕಾಲ ಮನೆ ಹತ್ರ ಅವರಪ್ಪನ ಜೊತೆ ಇನ್ನೊಂದು ಮೂವತ್ತು. ಒಟ್ಟು 230 ದಾಟಿತ್ತು. ಸ್ಕೋರ್ ಬುಕ್ಕಲ್ಲಿ ಮಾತ್ರ 68. ನಿಯಮ ಮುರಿದಿಲ್ಲ, ಕೈ ಮುರೀತಾ ಇತ್ತು.

ಕಾಂತೋಕು ಮುಂದೆ ಈ ಎಣಿಕೆ ಬರೆದ ಪುಸ್ತಕ ಇಟ್ಟೆ. ಒಳ್ಳೇ ಮನುಷ್ಯರು, ಮೂವತ್ತು ವರ್ಷದಿಂದ ಮಕ್ಕಳಿಗಾಗಿ ದುಡಿದೋರು, ಆದ್ರೆ ಅವರಿಗೆ ಪಿಚರ್ ಅಂದ್ರೆ ಮತ್ಸುಜಾಕಾ. 1998ರ ಕೋಶಿಯೆನ್, ಅಂದ್ರೆ ಹೈಸ್ಕೂಲುಗಳ ರಾಷ್ಟ್ರೀಯ ಟೂರ್ನಮೆಂಟ್, ಪಿಎಲ್ ಗಾಕುಯೆನ್ ಸ್ಕೂಲ್ ಮೇಲೆ 17 ಇನ್ನಿಂಗ್ಸ್, 250 ಪಿಚ್, ಎರಡು ದಿನ ಬಿಟ್ಟು ಫೈನಲಲ್ಲಿ ಒಂದು ಹಿಟ್ಟೂ ಕೊಡದ ನೋ ಹಿಟ್ಟರ್, ಆಮೇಲೆ ಅಮೆರಿಕದ ಮೇಜರ್ ಲೀಗ್. ಇದನ್ನ ಕೇಳ್ದಾಗೆಲ್ಲ ನನಗೂ ಮೈ ಜುಂ ಅನ್ನುತ್ತೆ, ಸುಳ್ಳು ಹೇಳಲ್ಲ. ಆದ್ರೆ 2011ರಲ್ಲಿ ಅದೇ ಮೊಣಕೈಗೆ ಆಪರೇಷನ್ ಆಯ್ತಲ್ಲ, ಅದನ್ನೂ ಸೇರಿಸಿ ಹೇಳ್ಬೇಕಲ್ವಾ. ನಾನು ಸಾಸಾಕಿ ರೋಕಿ ಅನ್ನೋ ಪಿಚರ್ ಕಥೆ ಎತ್ತಿದೆ. ಇವಾತೆಯ ಓಫುನಾತೋ ಹೈಸ್ಕೂಲ್, 2019, ಹದಿನೇಳು ವರ್ಷಕ್ಕೇ 163 ಕಿಲೋಮೀಟರ್ ವೇಗ. ಜುಲೈಯಲ್ಲಿ ಒಂದು ಮ್ಯಾಚಲ್ಲಿ 12 ಇನ್ನಿಂಗ್ಸ್ 194 ಪಿಚ್, ಮೂರು ದಿನ ಬಿಟ್ಟು ಸೆಮಿಫೈನಲಲ್ಲಿ 129, ಮಾರನೇ ದಿನವೇ ಫೈನಲ್, ಗೆದ್ರೆ ಕೋಶಿಯೆನ್. ಅವರ ಕಾಂತೋಕು ಕೊಕುಬೊ ಅವನನ್ನ ಆಡಿಸಲೇ ಇಲ್ಲ. ಹನಮಾಕಿ ಹಿಗಾಶಿ ಸ್ಕೂಲ್ ಮೇಲೆ 12-2ರಲ್ಲಿ ಸೋತ್ರು, ದೇಶವೆಲ್ಲ ಬೈತು, ಸ್ಕೂಲಿಗೆ ಫೋನ್ ಮೇಲೆ ಫೋನ್. ಆಮೇಲೆ ಅವನನ್ನ ತಗೊಂಡ ಪ್ರೊಫೆಷನಲ್ ಟೀಮ್ ಚಿಬಾ ಲೋತ್ತೆ ಮೊದಲನೇ ವರ್ಷ ಒಂದೇ ಒಂದು ಮ್ಯಾಚೂ ಆಡಿಸ್ಲಿಲ್ಲ, ಎರಡನೇ ತಂಡದಲ್ಲೂ ಇಲ್ಲ. 2022 ಏಪ್ರಿಲ್ 10ಕ್ಕೆ ಓರಿಕ್ಸ್ ಟೀಮ್ ಮೇಲೆ ಪರ್ಫೆಕ್ಟ್ ಗೇಮ್, ಅಂದ್ರೆ ಒಬ್ಬನನ್ನೂ ಬೇಸ್ ಮುಟ್ಟೋಕೆ ಬಿಡಲಿಲ್ಲ, 19 ಸ್ಟ್ರೈಕೌಟ್, ಬರೀ 105 ಪಿಚ್. ಮುಂದಿನ ವಾರ ಮತ್ತೆ 8 ಇನ್ನಿಂಗ್ಸ್ ಪರ್ಫೆಕ್ಟ್, 102 ಪಿಚ್‌ಗೆ ಎಳೆದು ಕೂರಿಸಿದ್ರು. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತೀವಲ್ಲ, ಆ ಥರ ಬೆಳೆಸಿದ್ರು ಅವನನ್ನ.

ಕಾಂತೋಕು ತಲೆ ಆಡಿಸಿ, ನೀನು ಕ್ರಿಕೆಟ್ ದೇಶದೋನು, ಎಸೆಯದೇ ಭುಜ ಕಟ್ಟಲ್ಲ, ಬೇಕಾದ್ರೆ ಒಂದು ವರ್ಷ ಮಾಡಿ ನೋಡು ಅಂದ್ರು. ಬಿಟ್ಟಿದ್ದೇ ದೊಡ್ಡದು.

ಮೊದಲನೇ ವರ್ಷ ನಾನೇ ಕೆಡಿಸಿದೆ. ಸಾಸಾಕಿಗೆ ವಿಶ್ರಾಂತಿ ಕೊಟ್ರು ಅಂತ ತಲೆಗೆ ಹತ್ತಿತ್ತು, ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಚೆಂಡು ಎಸೆಯೋದೇ ಬಂದ್ ಮಾಡಿದೆ. ಓಡಿ, ಹಗ್ಗ ಆಡಿ, ಅಷ್ಟೇ. ಮಾರ್ಚಲ್ಲಿ ಸೀಸನ್ ಶುರು ಆದ ಮೂರನೇ ವಾರಕ್ಕೆ ಇಬ್ಬರು ಹುಡುಗರಿಗೆ ಭುಜ ನೋವು! ಸೊನ್ನೆಯಿಂದ ಒಂದೇ ಸಲ ವಾರಕ್ಕೆ ನೂರೈವತ್ತಕ್ಕೆ ಹಾರಿಸಿದ್ದೆ. ಕಾಂತೋಕು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು ಅಂತ ಆಗ ಗೊತ್ತಾಯ್ತು. ಲೋತ್ತೆಯೋರು ಮ್ಯಾಚ್ ಆಡಿಸ್ಲಿಲ್ಲ ಅಷ್ಟೇ, ಎಸೆಯೋದನ್ನ ನಿಲ್ಲಿಸಿರಲಿಲ್ಲ, ಮೈ ಕಟ್ತಾ ಇದ್ರು, ಆ ವ್ಯತ್ಯಾಸ ನನ್ನ ತಲೆಗೆ ಹೋಗಿರಲಿಲ್ಲ. ಅಷ್ಟು ಜೋಪಾನ ಮಾಡಿದ್ರೂ ಸಾಸಾಕಿಗೆ ಅಮೆರಿಕದ ಡಾಡ್ಜರ್ಸ್‌ಗೆ ಹೋದ ವರ್ಷ, 2025ರಲ್ಲಿ, ಭುಜ ಕೈ ಕೊಡ್ತಲ್ಲ. ಬರೀ ಕೂರಿಸಿದ್ರೆ ಆಗಲ್ಲ, ಏಣಿ ಥರ ಮೆಟ್ಟಿಲು ಮೆಟ್ಟಿಲಾಗಿ ಏರಿಸ್ಬೇಕು.

ದುಡ್ಡಿನ ವಿಷಯ. ಚೆಂಡೊಳಗೆ ಸೆನ್ಸರ್ ಇರೋದು ಒಂದು ತಗೊಂಡೆ, ಮೂವತ್ತು ಸಾವಿರ ಯೆನ್ ಹತ್ರ, ಎರಡು ತಿಂಗಳಲ್ಲಿ ಮೂಲೆ ಸೇರ್ತು. ಸ್ಪೀಡ್ ಗನ್ ನಲವತ್ತು ಸಾವಿರ ಚಿಲ್ಲರೆ, ಅದು ಇನ್ನೂ ದೊಡ್ಡ ತಪ್ಪು, ಗನ್ ಕಂಡ ಕೂಡಲೇ ಹುಡುಗರು ಕ್ಯಾಚ್ ಬಾಲಲ್ಲೂ ಜೀವ ಬಿಟ್ಟು ಎಸೆಯೋಕೆ ಶುರು, ಒಂದೇ ವಾರಕ್ಕೆ ಬೀರು ಸೇರಿಸಿ ಬೀಗ ಹಾಕ್ದೆ. ಉಪಯೋಗಕ್ಕೆ ಬಂದಿದ್ದು 110 ಯೆನ್ ಕ್ಲಿಕ್ಕರ್ ಎಂಟು, ಒಂದು ದಪ್ಪ ನೋಟ್‌ಬುಕ್, ಮತ್ತೆ ವರ್ಷಕ್ಕೆ ಎರಡು ಸಲ ಮೊಣಕೈ ಎಕೋ (ಅಲ್ಟ್ರಾಸೌಂಡ್). ಎಕೋ ತಲಾ ಮೂರು ಸಾವಿರದ ಹತ್ರ ಆಗುತ್ತೆ, ನೋವೇ ಇಲ್ವಲ್ಲ ಯಾಕೆ ಅಂತ ಅಪ್ಪ ಅಮ್ಮಂದಿರು ಹಿಂದೇಟು ಹಾಕಿದ್ರು, ಮೊದಲನೇ ಸಲ ಹದಿಮೂರು ಹುಡುಗರದು ನಾನೇ ಕೊಟ್ಟೆ. ನೋವೇ ಇಲ್ಲದ ಒಬ್ಬನಿಗೆ ಹೊರಗಡೆ ಮೃದ್ವಸ್ಥಿ ಕೆಳಗೆ ಮೂಳೆ ಮಂಕಾಗಿ ಕಾಣಿಸ್ತು, ಶುರುವಲ್ಲೇ ಸಿಕ್ತು, ಆಪರೇಷನ್ ಇಲ್ಲದೆ ವಾಸಿ ಆಯ್ತು. ಆಮೇಲೆ ದುಡ್ಡಿನ ಮಾತು ಯಾರೂ ಎತ್ತಲಿಲ್ಲ.

ಈಗ ಮಾಡೋದು ಇಷ್ಟು. ಜೋರಾಗಿ ಎಸೆದ ಪ್ರತಿಯೊಂದೂ ಲೆಕ್ಕಕ್ಕೆ, ಪಿಚ್ ಆಗಲಿ, ಫೀಲ್ಡಿಂಗಲ್ಲಿ ಶಾರ್ಟ್‌ಸ್ಟಾಪಿಂದ ಫಸ್ಟ್ ಬೇಸ್‌ಗೆ ಆಗಲಿ. ಈ ವಾರದ ಒಟ್ಟು ಹಿಂದಿನ ಮೂರು ವಾರದ ಸರಾಸರಿಗಿಂತ ಕಾಲು ಭಾಗ ಜಾಸ್ತಿ ಅಂದ್ರೆ ಅಲ್ಲಿಗೆ ನಿಲ್ಲಿಸ್ತೀನಿ. ನಮ್ಮೂರಲ್ಲಿ ಫಾಸ್ಟ್ ಬೌಲರ್‌ಗಳನ್ನ ನೋಡ್ಕೊಳ್ಳೋರಿಗೆ ಈ ಲೆಕ್ಕ ಹೊಸದಲ್ಲ. ಪಿಚರ್ ಆದೋನು ಅವತ್ತು ಕ್ಯಾಚರ್ ಆಗೋಹಾಗಿಲ್ಲ, ಇದಕ್ಕೆ ಮಾತ್ರ ರಿಯಾಯ್ತಿ ಇಲ್ಲ. ಚಳಿಗಾಲದಲ್ಲೂ ವಾರಕ್ಕೆ ಎರಡು ದಿನ ಮೆತ್ತಗೆ ಮೂವತ್ತು ಎಸೆತ. ಶನಿವಾರ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಕೈ ಚಾಚಿ ಹೆಗಲು ಮುಟ್ಟಿ ತೋರಿಸ್ಬೇಕು, ಒಂದು ಬೆರಳು ಕಮ್ಮಿ ಆದ್ರೂ ಅವತ್ತು ಬ್ಯಾಟಿಂಗ್ ಮಾತ್ರ. ಮನೆಯಲ್ಲಿ ಎಸೆದಿದ್ದಕ್ಕೆ ಚೀಟಿ. ಮೊದಮೊದಲು ಹುಡುಗರು ಸುಳ್ಳು ಬರೀತಿದ್ರು, ಎಣಿಕೆ ಬರೆಯೋ ಕೆಲಸ ಅಮ್ಮಂದಿರಿಗೆ ಕೊಟ್ಟ ಮೇಲೆ ಸರಿ ಹೋಯ್ತು.

ಮಧ್ಯದಲ್ಲಿ ಒಂದಷ್ಟು ಪ್ರಯೋಗ. ಟವೆಲ್ ಹಿಡಿದು ಶ್ಯಾಡೋ ಪಿಚಿಂಗ್ ಎಲ್ಲರೂ ಮಾಡ್ತಾರೆ, ನಾನು ಬ್ಯಾಡ್ಮಿಂಟನ್ ರಾಕೆಟ್ ಕೊಟ್ಟೆ, ಮೊಣಕೈ ಕೆಳಗೆ ಬೀಳೋ ಹುಡುಗರು ತಾವಾಗೇ ಎತ್ತೋಕೆ ಶುರು ಮಾಡಿದ್ರು, ಶಟಲ್ ಆಟ ಅಂತ ಖುಷಿ ಬೇರೆ. ಎಡಗೈಲಿ ಎಸೆಸೋದು ಒಂದು ತಿಂಗಳು ಮಾಡಿಸ್ದೆ, ಅದರಿಂದ ಏನೂ ಸಿಗಲಿಲ್ಲ.

ದೊಡ್ಡ ಸಮಸ್ಯೆ ಉಳಿದಿದ್ದು, ಒಬ್ಬನನ್ನ 55ಕ್ಕೆ ಇಳಿಸಿದ್ರೆ ಮುಂದೆ ಯಾರು. ಏಳು ಜನ ಪಿಚರ್ ಬೇಕು, ನಾಲ್ಕು ಜನರ ಕೈಲಿ ಸ್ಟ್ರೈಕ್, ಅಂದ್ರೆ ಸರಿಯಾದ ಜಾಗಕ್ಕೆ ಬೀಳೋ ಪಿಚ್, ಬೀಳ್ತಾನೇ ಇರಲಿಲ್ಲ, ಮೊದಲನೇ ವರ್ಷ ವಾಕ್ ಮೇಲೆ ವಾಕ್ (ಎದುರಿನೋರಿಗೆ ಪುಕ್ಕಟೆ ಬೇಸ್) ಕೊಟ್ಟು ಐದು ಮ್ಯಾಚ್ ಸೋತ್ವಿ, ಒಬ್ಬ ಹುಡುಗನ ಅಪ್ಪ ಟೀಮೇ ಬದಲಾಯಿಸಿದ್ರು. ಅವರಿಗೆ ಸ್ಟ್ರೈಕ್ ಕಲಿಸೋಕೆ ನಾನೊಂದು ಆಟ ಮಾಡ್ಕೊಂಡಿದೀನಿ, ಹಗ್ಗ ಮತ್ತೆ ಎರಡು ಬಕೆಟ್ ಸಾಕು, ಒಂದೂವರೆ ತಿಂಗಳಲ್ಲಿ ಹತ್ತಕ್ಕೆ ಆರು ಏಳು ಬೀಳುತ್ತೆ. ಅದನ್ನ ಇಲ್ಲಿ ಬಿಡಿಸಿ ಹೇಳಲ್ಲ, ಯಾವ ಮ್ಯಾಚಿಗೆ ಯಾರನ್ನ ಮೊದಲು ಆಡಿಸ್ತೀನಿ ಅನ್ನೋದೂ ನನ್ನ ಹತ್ರಾನೇ ಇರ್ಲಿ.

ಈ ಬೇಸಿಗೆ ಎರಡನೇ ರೌಂಡಲ್ಲಿ ಎದುರು ಟೀಮಿನ ಪಿಚರ್ ನಾಲ್ಕನೇ ಇನ್ನಿಂಗ್ಸಲ್ಲೇ 70 ಮುಗಿಸ್ದ, ಹಿಂದೆ ಬಂದೋನಿಗೆ ಚೆಂಡು ಹಿಡಿಯೋಕೇ ನಡುಕ, ಪಾಪ. ನಮ್ಮ ಕಡೆ ಮೂರನೆಯೋನಾಗಿ ಇಳಿದಿದ್ದು ನಾಲ್ಕನೇ ಕ್ಲಾಸ್ ಹುಡುಗ, ಹನ್ನೊಂದು ಪಿಚ್‌ಗೆ ಮೂರು ಔಟ್. ಕಾಂತೋಕು ಬೆಂಚಿಂದ ಎದ್ದು ನನ್ನ ಕೈಲಿದ್ದ ಕ್ಲಿಕ್ಕರ್ ಇಸ್ಕೊಂಡು ಆಮೇಲಿನ ಇನ್ನಿಂಗ್ಸ್ ತಾವೇ ಒತ್ತಿದ್ರು.

ಅಂದು ಮೊಣಕೈ ಬಿರುಕು ಬಿಟ್ಟ ಹುಡುಗ ಈಗ ಹೈಸ್ಕೂಲಲ್ಲಿ ಆಡ್ತಾನೆ, ಅಲ್ಲಿ ವಾರಕ್ಕೆ 500 ಪಿಚ್ ಅಂತ ಮಿತಿ ಇದೆ. ಹೋದ ತಿಂಗಳು ಸಿಕ್ಕಿದ್ದ, ವಾರ್ಮಪ್‌ನೂ ಸೇರಿಸಿ ಬರ್ಕೊಳ್ತೀನಿ ಕೋಚಿ ಅಂತ ಫೋನಲ್ಲಿ ಲೆಕ್ಕ ತೋರಿಸ್ದ.