ಚಳಿಗಾಲದ ಬೆಳಿಗ್ಗೆ ಹಳೆಯ ಕಾರನ್ನು ಸ್ಟಾರ್ಟ್ ಮಾಡುವುದು ಹೇಗೆ?

ಡಿಸೆಂಬರ್ ಬಂದರೆ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟದ ಮನೆಗಳ ಶೆಡ್‌ಗಳಿಂದ ಒಂದೇ ಸದ್ದು ಕೇಳುತ್ತದೆ: ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸೋಲುವ ಸದ್ದು. ಕಾಫಿ ಕೊಯ್ಲಿನ ಕಾಲ, ಕೆಲಸದವರು ಕಾಯುತ್ತಿರುತ್ತಾರೆ, ಯಜಮಾನರು ಆಕ್ಸಿಲರೇಟರ್ ತುಳಿಯುತ್ತಲೇ ಇರುತ್ತಾರೆ. ಕೊನೆಗೆ ನಾಲ್ಕು ಜನ ಸೇರಿ ತಳ್ಳುತ್ತಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪು ಯಾವುದೂ ನಮ್ಮ ಚಳಿಗೆ ಸೋಲುವ ಗಾಡಿಗಳಲ್ಲ. ತೊಂದರೆ ಹೆಚ್ಚಾಗಿ ಚೋಕ್‌ನಲ್ಲಿದೆ, ಇಲ್ಲವೇ ಚೋಕ್ ಎಳೆಯುವ ರೀತಿಯಲ್ಲಿದೆ.

ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್‌ನಿಂದ ಹೊರಟದ್ದರಲ್ಲಿ ಬಹಳಷ್ಟು, ಸಿಲಿಂಡರ್‌ಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ, ಸಿಲಿಂಡರ್ ತಲುಪುವ ಆವಿ ಹೊತ್ತಿಕೊಳ್ಳಲು ಸಾಲುವುದಿಲ್ಲ. ಆ ಕೊರತೆ ತುಂಬಲು ಸ್ವಲ್ಪ ಹೊತ್ತು ಹೆಚ್ಚು ಪೆಟ್ರೋಲ್ ಕೊಡುವುದೇ ಚೋಕ್‌ನ ಕೆಲಸ.

ಮೊದಲು ಬ್ಯಾಟರಿ. ಟರ್ಮಿನಲ್ ಉಜ್ಜಿ ಬಿಗಿ ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಕಿಡಿಗೆ ಬೇಕಾದ ವಿದ್ಯುತ್ ಏರಿಸುವ ಕಾಯಿಲ್‌ಗೆ ಹೋಗುವ ವೋಲ್ಟೇಜ್ ಕೂಡ ಕುಸಿದು ಕಿಡಿ ಸೊರಗಿರುತ್ತದೆ. ಅಂಥ ಬ್ಯಾಟರಿ ಇಟ್ಟುಕೊಂಡು ಕಾರ್ಬ್ಯುರೇಟರ್ ಬಿಚ್ಚಬೇಡಿ.

ಎರಡನೆಯದು ಕಿಡಿ. ಮಂಜಿನ ಊರಿನಲ್ಲಿ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ಒಳಗೆ ಪಸೆ ಕೂರುತ್ತದೆ. ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಮುಚ್ಚಳವನ್ನೇ ಬದಲಿಸಿ. ಬೆಳಕು ಹರಿಯುವ ಮುನ್ನ ಬಾನೆಟ್ ಎತ್ತಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿ; ವೈರ್‌ಗಳ ಮೇಲೆ ನೀಲಿ ಕಿಡಿ ಹರಿದಾಡಿದರೆ ವೈರ್‌ಗಳು ಮುಗಿದಿವೆ. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್ ಸೆಟ್ ಅಗ್ಗದ್ದು ಬೇಡವೇ ಬೇಡ. ಅದರ ಹಿಮ್ಮಡಿ ಬೇಗ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ.

ಮೂರನೆಯದು ಪೆಟ್ರೋಲ್. ಗಾಡಿ ಹಲವು ದಿನ ನಿಂತಿದ್ದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಒಣಗಿರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ, ಎಂಜಿನ್ ಪಕ್ಕದ ಎ.ಸಿ. ಪಂಪ್‌ಗೆ ಕೈಯಿಂದ ಒತ್ತುವ ಪುಟ್ಟ ಲಿವರ್ ಇದ್ದರೆ ಅದನ್ನು ಕೆಲವು ಸಲ ಒತ್ತಿ ಬೌಲ್ ತುಂಬಿಸಿ. ಲಿವರ್ ಸಡಿಲವಾಗಿ ಆಡಿದರೆ ಎಂಜಿನ್‌ ಅನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಈ ಒಂದು ಅಭ್ಯಾಸ ಬ್ಯಾಟರಿಯ ಆಯುಸ್ಸನ್ನೇ ಉಳಿಸುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪು, ಡಯಾಫ್ರಮ್‌ಗಳು ಬೇಗ ಮೆತ್ತಗಾಗುತ್ತವೆ. ಎಥೆನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ.

ಇನ್ನು ಚೋಕ್. ಬಹುತೇಕರು ಎಡವುವುದು ಇಲ್ಲೇ.

ಚೋಕ್‌ನ ನಾಬ್ ಎಳೆದ ಮಾತ್ರಕ್ಕೆ ಚೋಕ್ ಬಿದ್ದಿತೆಂದು ನಂಬಬೇಡಿ. ಏರ್ ಫಿಲ್ಟರ್ ತೆಗೆದು ಇನ್ನೊಬ್ಬರಿಂದ ನಾಬ್ ಎಳೆಸಿ, ನಿಮ್ಮ ಕಣ್ಣಿನಿಂದ ನೋಡಿ. ಜೀಪಿನಂಥ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಬಾಯಿಯ ತಗಡು ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ ಕೇಬಲ್ ಹಿಡಿದಿರುವ ಸ್ಕ್ರೂ ಜಾರಿದೆ. ಹಳೆಯ ಅಂಬಾಸಿಡರ್‌ನ ಎಸ್‌ಯು ಎಂಬ ಕಂಪನಿಯ ಕಾರ್ಬ್ಯುರೇಟರ್‌ನಲ್ಲಿ ಆ ತಗಡೇ ಇಲ್ಲ. ನಾಬ್ ಎಳೆದಾಗ ಕೆಳಗಿನ ಜೆಟ್ (ಪೆಟ್ರೋಲ್ ಚಿಮ್ಮುವ ಸಣ್ಣ ಕೊಳವೆ) ಇಳಿದು ಹೆಚ್ಚು ಪೆಟ್ರೋಲ್ ಬಿಡುತ್ತದೆ. ನಾಬಿನ ಮೊದಲ ಸ್ವಲ್ಪ ಎಳೆತಕ್ಕೆ ಎಂಜಿನ್ ವೇಗ ಮಾತ್ರ ಏರುತ್ತದೆ, ಜೆಟ್ ಇಳಿಯುವುದಿಲ್ಲ. ಪೆಟ್ರೋಲ್ ಉಳಿಸುವ ಆಸೆಯಿಂದ ಅರೆಬರೆ ಎಳೆಯುವವರ ಗಾಡಿ ಹೊತ್ತಿಕೊಳ್ಳದಿರುವುದು ಇದಕ್ಕೇ. ತಣ್ಣಗಿದ್ದಾಗ ಪೂರ್ತಿ ಎಳೆಯಿರಿ. ನಾಬ್ ಒತ್ತಿದ ಮೇಲೆ ಜೆಟ್ ತಾನಾಗಿ ಮೇಲೇರದಿದ್ದರೆ ಶುಚಿ ಮಾಡಿ ಒಂದು ಹನಿ ತೆಳು ಎಣ್ಣೆ ಬಿಡಿ.

ಎಸ್‌ಯುನಲ್ಲಿ ಆಕ್ಸಿಲರೇಟರ್ ಪಂಪ್ ಇಲ್ಲ, ಆದ್ದರಿಂದ ಸ್ಟಾರ್ಟ್‌ಗೆ ಮುಂಚೆ ಪೆಡಲ್ ಎಷ್ಟು ತುಳಿದರೂ ಒಂದು ಹನಿಯೂ ಹೆಚ್ಚು ಬರುವುದಿಲ್ಲ. ಸೋಲೆಕ್ಸ್ ಎಂಬ ಇನ್ನೊಂದು ಕಂಪನಿಯ ಅನೇಕ ಹಳೆಯ ಕಾರ್ಬ್ಯುರೇಟರ್‌ಗಳಲ್ಲಿ ಚೋಕ್ ಎಂದರೆ ಬೇರೆಯದೇ ಒಂದು ಪುಟ್ಟ ಮಾರ್ಗ. ಎಂಜಿನ್ ಎಳೆಯುವ ನಿರ್ವಾತವೇ ಅದನ್ನು ನಡೆಸಬೇಕು. ಪೆಡಲ್ ತುಳಿದರೆ ಆ ಎಳೆತ ಕುಗ್ಗಿ ಚೋಕ್ ಕೆಲಸ ನಿಲ್ಲುತ್ತದೆ. ಕಾಲು ಪಕ್ಕಕ್ಕಿಟ್ಟುಕೊಂಡೇ ಸೆಲ್ಫ್ ಹೊಡೆಯಿರಿ. ಒಮ್ಮೆಗೆ ಹತ್ತು ಸೆಕೆಂಡ್ ಸಾಕು, ನಂತರ ಅರ್ಧ ನಿಮಿಷ ಬಿಡುವು ಕೊಡಿ.

ಆದರೂ ಆಗದಿದ್ದರೆ ಒಂದು ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಚೋಕ್ ಅಥವಾ ಪಂಪ್ ಕಡೆ ಹೋಗಿ. ಒದ್ದೆಯಾಗಿ ಪೆಟ್ರೋಲ್ ನಾರುತ್ತಿದ್ದರೆ ಓವರ್‌ಫ್ಲೋ ಆಗಿದೆ ಅಥವಾ ಕಿಡಿ ಇಲ್ಲ. ಪ್ಲಗ್‌ಗಳನ್ನೆಲ್ಲ ಒಣಗಿಸಿ ಹಾಕಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಕಾಲು ಅಲುಗಾಡಬಾರದು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಚಾರ್ಮಾಡಿ ಹತ್ತಿ ಬಂದರೆ ಇಲ್ಲಿ ಗಾಳಿ ತೆಳುವಾದ್ದರಿಂದ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ, ಅದಕ್ಕೆ ಓವರ್‌ಫ್ಲೋ ಕಾಟವೂ ಹೆಚ್ಚು.

ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವ ಅಡ್ಡದಾರಿಯನ್ನು ಕೈಬಿಡಿ. ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಮುಖಕ್ಕೆ ಬರುತ್ತದೆ. ಈಥರ್ ತುಂಬಿದ ಸ್ಟಾರ್ಟಿಂಗ್ ಸ್ಪ್ರೇ ಡಬ್ಬಿಯೂ ಬೇಡ. ಅದು ದೋಷವನ್ನು ಮರೆಸುತ್ತದೆ, ವಾಸಿ ಮಾಡುವುದಿಲ್ಲ.

ಎಂಜಿನ್ ಹಿಡಿದ ಮೇಲೆ ನಿಂತಲ್ಲೇ ಗುರುಗುಟ್ಟಿಸದೆ ಮೆಲ್ಲಗೆ ಹೊರಡಿ, ನಾಬನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಾ ಒಂದೆರಡು ಕಿಲೋಮೀಟರ್‌ನಲ್ಲಿ ಪೂರ್ತಿ ಒಳಗೆ ಸೇರಿಸಿ. ಚೋಕ್ ಮರೆತು ಓಡಿಸಿದರೆ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು, ಎಂಜಿನ್ ಆಯಿಲ್ ನಿಲ್ಲುವ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸಿಯೇ ಮುಂದಕ್ಕೆ ಓಡಿಸಿ.