ಹಳ್ಳದ ನೀರಿನಿಂದ ಅಡಿಕೆ ಒಣಗಿಸಿದ್ದು

ಎರಡು ವರ್ಷದಿಂದ ನಮ್ಮ ಮನೆಯ ಮೊದಲ ಕೊಯ್ಲಿನ ಅಡಿಕೆ ಒಂದು ಕಡ್ಡಿ ಸೌದೆಯನ್ನೂ ಉರಿಸದೆ ಒಣಗುತ್ತಿದೆ. ಬೇಯಿಸುವುದಕ್ಕೆ ಸೌದೆ ಬೇಕೇ ಬೇಕು, ಅದನ್ನೂ ಬಿಟ್ಟೆ ಎಂದು ಹೇಳುತ್ತಿಲ್ಲ. ಒಣಗಿಸುವ ಕೆಲಸವನ್ನು ಮಾತ್ರ ಮನೆಯ ಹಿಂದಿನ ಹಳ್ಳಕ್ಕೆ ವಹಿಸಿದ್ದೇನೆ. ಈ ಮಾತನ್ನು ಮೊದಲು ಆಡಿದಾಗ ಪಕ್ಕದ ತೋಟದ ಭಾವ ನಕ್ಕ ನಗು ಇನ್ನೂ ಮರೆತಿಲ್ಲ. "ಅಲ್ಲ ಮಾರಾಯ, ನೀರು ಹಾಕಿ ಅಡಿಕೆ ಒಣಗಿಸುವುದು ಎಲ್ಲಿಯಾದರೂ ಉಂಟೇ?" ಎಂದಿದ್ದರು. ಕಳೆದ ಅಕ್ಟೋಬರಿನಲ್ಲಿ ಅವರದೇ ಎರಡು ಚೀಲ ಹಸಿ ಅಡಿಕೆ ನಮ್ಮ ಒಣಗಿಸುವ ಪೆಟ್ಟಿಗೆಗೆ ಬಂತು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನಮ್ಮದು ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಕಡೆ. ಹಳ್ಳದ ನೀರಿನಿಂದ ಕರೆಂಟು ಹುಟ್ಟಿಸುವ ಟರ್ಬೈನ್ ಕೂರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಮಲೆನಾಡಿನಲ್ಲಿ ಹಳ್ಳವಿರುವ ಎಷ್ಟೋ ಮನೆಗಳಲ್ಲಿ ಅದು ಇದೆ, ಕೆಲವರ ಮನೆಯಲ್ಲಿ ನನ್ನದಕ್ಕಿಂತ ಹಳೆಯದೇ ತಿರುಗುತ್ತಿದೆ. ನಮ್ಮ ತಾಲ್ಲೂಕಿನ ನೀರು ಲಿಂಗನಮಕ್ಕಿಯಲ್ಲಿ ನಿಂತು, ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಇಷ್ಟು ವರ್ಷಗಳಾದರೂ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ನಮಗೆ ವಾರಗಟ್ಟಲೆ ಕತ್ತಲು. ಹಾಗಾಗಿ ಟರ್ಬೈನ್ ಹಾಕಿಸಿದ್ದು ಪರಿಸರ ಪ್ರೀತಿಯಿಂದಲ್ಲ, ಸಿಟ್ಟಿನಿಂದ.

ನನ್ನ ಜಾಗದ ಲೆಕ್ಕ ಅಂದಾಜಿಗೆ ಇಷ್ಟು. ನೀರು ಕಟ್ಟಿದ ಕಡೆಯಿಂದ ಟರ್ಬೈನಿಗೆ 120 ಅಡಿ ಇಳಿಜಾರು, ಪೈಪು 650 ಅಡಿ. ಜುಲೈನಲ್ಲಿ ಸೆಕೆಂಡಿಗೆ ಒಂಬತ್ತು ಹತ್ತು ಲೀಟರ್ ಬಿಟ್ಟರೂ ಹಳ್ಳಕ್ಕೆ ಗೊತ್ತಾಗುವುದಿಲ್ಲ, ಆಗ ಒಂದೂವರೆ ಕಿಲೋವಾಟ್ ಧಾರಾಳವಾಗಿ ಸಿಗುತ್ತದೆ. ದೀಪಾವಳಿಯ ಹೊತ್ತಿಗೆ ಒಂದು ಕಿಲೋವಾಟಿಗೆ ಇಳಿಯುತ್ತದೆ. ಕ್ರಿಸ್‌ಮಸ್ ದಾಟಿದ ಮೇಲೆ ಸಣ್ಣ ನಾಝಲ್ (ಟರ್ಬೈನಿಗೆ ನೀರು ಚಿಮ್ಮಿಸುವ ಮೂತಿ) ಹಾಕಿ ಎಳೆದಾಡಿದರೆ ನಾಲ್ಕು ದೀಪ, ಅಷ್ಟೇ.

ಪೈಪಿನದೇ ಒಂದು ಕಥೆ. ಮೊದಲು ಕೆಲಸ ಹಿಡಿದವನು ಎರಡೂವರೆ ಇಂಚು ಸಾಕು ಎಂದು ಸಾಧಿಸಿದ. ನೀರು ಬಿಟ್ಟು ನಾಝಲ್ ಹತ್ತಿರ ಒತ್ತಡ ನೋಡಿದರೆ ಕಾಲು ಭಾಗದಷ್ಟು ಪೈಪಿನ ಒಳಗಿನ ಉಜ್ಜಾಟದಲ್ಲೇ ಹೋಗಿತ್ತು. ಅದನ್ನು ಕಿತ್ತು ನಾಲ್ಕು ಇಂಚಿನದು ಹಾಕಿಸುವಾಗ ಮೂವತ್ತು ಸಾವಿರದ ಮೇಲೆ ಖರ್ಚಾಯಿತು. ಹಳೆಯ ಪೈಪು ಈಗ ತೋಟದ ಬಸಿಗಾಲುವೆಯಲ್ಲಿದೆ. ಮಾರಿದವನು ವಾಪಸು ತೆಗೆದುಕೊಳ್ಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಟರ್ಬೈನ್ ಇರುವವರಿಗೆಲ್ಲ ಗೊತ್ತು, ಅದು ಹುಟ್ಟಿಸುವ ಕರೆಂಟನ್ನು ನಾವು ಬಳಸಲಿ, ಬಿಡಲಿ, ಖರ್ಚು ಮಾಡಿಯೇ ತೀರಬೇಕು. ಇಲ್ಲದಿದ್ದರೆ ಚಕ್ರ ಹುಚ್ಚು ಹಿಡಿದಂತೆ ತಿರುಗಿ ಬಲ್ಬುಗಳೆಲ್ಲ ಸುಟ್ಟುಹೋಗುತ್ತವೆ. ಅದಕ್ಕೇ ಕಂಟ್ರೋಲರ್ ಪೆಟ್ಟಿಗೆ, ಉಳಿದ ಕರೆಂಟನ್ನು ಸುಡುವುದಕ್ಕೆ ಡಮ್ಮಿ ಹೀಟರ್. ಎಲ್ಲರ ಮನೆಯಲ್ಲೂ ಈ ಹೀಟರನ್ನು ಒಂದು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಮರೆತುಬಿಟ್ಟಿರುತ್ತಾರೆ. ಹೆಚ್ಚೆಂದರೆ ಬಚ್ಚಲಿಗೆ ಬಿಸಿನೀರು. ನಾನೂ ಹಾಗೇ ಇದ್ದೆ. ಒಂದು ರಾತ್ರಿ ಎಲ್ಲ ದೀಪ ಆರಿಸಿ ಮೀಟರು ನೋಡಿದರೆ, ಹುಟ್ಟಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆ ಡ್ರಮ್ಮಿಗೆ ಹೋಗುತ್ತಿತ್ತು. ಇಡೀ ದಿನದ ಲೆಕ್ಕ ಹಾಕಿದರೆ ಇಪ್ಪತ್ತು ಯೂನಿಟ್ಟಿಗೆ ಕಡಿಮೆಯಿಲ್ಲ. ಅದೇ ಹೊತ್ತಿಗೆ ಅಟ್ಟದ ಕೆಳಗೆ ಅಡಿಕೆಗೆ ಹೊಗೆ ಹಾಕುತ್ತ ನನ್ನ ತಾಯಿ ಕೆಮ್ಮುತ್ತಿದ್ದರು.

ಮಳೆ ಜೋರಾದಷ್ಟೂ ಬಿಸಿಲು ಕಡಿಮೆ, ಹಳ್ಳ ಹೆಚ್ಚು. ಸೋಲಾರ್ ಡ್ರೈಯರ್ ಹಾಕಿಸಿದವರು ನಮ್ಮ ಕಡೆ ಇದ್ದಾರೆ, ಬಿಸಿಲಿನ ದಿನಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ, ಕೊಳೆ ರೋಗ ಬಂದ ಮರದ ಕೊನೆಯನ್ನು (ಅಡಿಕೆ ಗೊಂಚಲನ್ನು) ಉಳಿದಷ್ಟು ಉಳಿಯಲಿ ಎಂದು ಇಳಿಸಿ, ಸುಲಿದು, ಬೇಯಿಸಿ ಕೂತಾಗ ನಮ್ಮಲ್ಲಿ ಸೂರ್ಯ ಎಲ್ಲಿರುತ್ತಾನೆ? ಪಾಲಿಥಿನ್ ಮಾಡಿನ ಒಳಗೆ ಅಡಿಕೆ ಬೆವರುತ್ತ ಬೂಷ್ಟು ಹಿಡಿದದ್ದನ್ನು ನಾನೇ ನೋಡಿದ್ದೇನೆ. ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡ ಮೇಲೆ ಬೇಗ ಇಳಿಸುವ ಕೊನೆಗಳು ವರ್ಷದಿಂದ ವರ್ಷಕ್ಕೆ ಜಾಸ್ತಿ.

ಡ್ರಮ್ಮಿಗೆ ಹೋಗುವ ಆ ಬಿಸಿಯನ್ನೇ ಅಡಿಕೆಗೆ ತಿರುಗಿಸೋಣ ಎಂದರೆ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಹೀಟರ್ ಜಾಗ ಬದಲಿಸಿದರೆ ಕಂಟ್ರೋಲರಿಗೆ ವಾರಂಟಿ ಇಲ್ಲ ಎಂದ. ವಾರಂಟಿ ಆಗಲೇ ಮುಗಿದಿತ್ತು, ಅದನ್ನು ನಾನು ಅವನಿಗೆ ಹೇಳಲಿಲ್ಲ. ಕೊಟ್ಟಿಗೆಯ ಒಂದು ಮೂಲೆಯಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪೆಟ್ಟಿಗೆ ಮಾಡಿ, ಕೆಳಗೆ ಗಾಳಿ ಕಾಯಿಸುವ ಕಾಯಿಲ್‌ಗಳನ್ನು ಇಟ್ಟು, ಮೇಲೆ ಅಡಿಕೆ ದಬ್ಬೆಯ ಐದು ತಟ್ಟಿಗಳನ್ನು ಕೂರಿಸಿದೆವು. ಮೊದಲ ಸಲ ಬಿಸಿ ಹೊರಗೆ ಹೋಗಬಾರದೆಂದು ಎಲ್ಲ ಸಂದಿಗಳನ್ನೂ ಮುಚ್ಚಿದ್ದೆವು. ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯಿಂದ ನೀರು ಇಳಿಯುತ್ತಿತ್ತು. ಅಡಿಕೆ ಮತ್ತೊಮ್ಮೆ ಬೆಂದಿತ್ತು ಅಷ್ಟೇ. ಬಿಸಿಯಷ್ಟೇ ಇದ್ದರೆ ಸಾಲದು, ಹಸಿ ಗಾಳಿ ಹೊರಗೆ ಹೋಗಬೇಕು.

ಸರಿ, ಫ್ಯಾನ್ ಹಾಕಿಸಿದೆ. ಎಲೆಕ್ಟ್ರಿಷಿಯನ್ ಅದನ್ನು ಹೀಟರಿನ ತಂತಿಗೇ ಜೋಡಿಸಿ ಹೋದ. ಗುಂಯ್ ಎಂದು ಒಂದು ರಾತ್ರಿ ಕೂಗಿ ಸುಟ್ಟುಹೋಯಿತು. ಇನ್ನೊಂದು ಹಾಕಿದರೆ ಅದೂ ಸುಟ್ಟಿತು. ಕಂಟ್ರೋಲರ್ ಹೀಟರಿಗೆ ಕೊಡುವ ಕರೆಂಟು ಇಡೀ ಅಲೆಯಲ್ಲ, ಬೇಕಾದಷ್ಟೇ ಕತ್ತರಿಸಿದ ತುಂಡು. ಕಾಯಿಲ್‌ಗೆ ಅದು ನಡೆಯುತ್ತದೆ, ಮೋಟರಿಗೆ ನಡೆಯುವುದಿಲ್ಲ. ಫ್ಯಾನಿಗೆ ಮನೆಯ ಲೈನಿನಿಂದಲೇ ಬೇರೆ ತಂತಿ ಎಳೆಯಬೇಕು. ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ, ಎರಡು ಫ್ಯಾನಿನ ದುಡ್ಡು ಕೊಟ್ಟು ಕಲಿತ ವಿದ್ಯೆ ಇದು. ಇನ್ನೊಂದು ಮಾತು: ಡ್ರಮ್ಮಿನ ಹಳೆಯ ಹೀಟರನ್ನು ಕಿತ್ತು ಎಸೆಯಬೇಡಿ. ಪೆಟ್ಟಿಗೆಯನ್ನು ತೊಳೆಯುವಾಗ, ಕಾಯಿಲ್ ತುಂಡಾದಾಗ ಕರೆಂಟು ಹೋಗುವುದಕ್ಕೆ ಒಂದು ದಾರಿ ಇರಲೇಬೇಕು. ನಾನು ಬದಲಿ ಸ್ವಿಚ್ ಇಟ್ಟಿದ್ದೇನೆ, ಅದು ಯಾವ ಕ್ಷಣದಲ್ಲೂ ಎರಡರಲ್ಲಿ ಒಂದಕ್ಕೆ ತಾಗಿಯೇ ಇರುವಂಥದ್ದು.

ಗೋಡೆಗೆ ಎರಡು ತಗಡಿನ ನಡುವೆ ಅಡಿಕೆ ಸಿಪ್ಪೆ ತುಂಬಿಸಿದ್ದು ನನ್ನ ಜಾಣತನವೆಂದು ಹೆಮ್ಮೆಪಟ್ಟಿದ್ದೆ. ಬಿಸಿ ಚೆನ್ನಾಗಿಯೇ ನಿಂತಿತು. ಮಳೆಗಾಲದಲ್ಲಿ ಅಷ್ಟು ಬೆಚ್ಚಗಿನ ಜಾಗ ಇಡೀ ಊರಿನಲ್ಲಿ ಬೇರೆಲ್ಲಿದೆ ಎಂದು ಇಲಿಗಳು ಸಂಸಾರ ಹೂಡಿದವು. ಈಗ ಮೂರು ಕಡೆ ಮಣ್ಣಿನ ಗೋಡೆ, ಒಂದು ಕಡೆ ಹಲಗೆಯ ಬಾಗಿಲು.

ಬೇಯಿಸಿ ನೀರು ಬಸಿದ ಅಡಿಕೆ ಒಂದು ಸಲಕ್ಕೆ ಸುಮಾರು ಒಂದು ಕ್ವಿಂಟಲ್ ಹಿಡಿಯುತ್ತದೆ. ಒಳಗೆ 45ರಿಂದ 50 ಡಿಗ್ರಿ ಇಡುತ್ತೇನೆ. ಅದಕ್ಕೆ ಮೇಲೆ ಹೋದರೆ ಹೊರಗಿನ ಮೈ ಬಿಗಿದು ಒಳಗೆ ಹಸಿ ಉಳಿಯುತ್ತದೆ, ಮಂಡಿಯಲ್ಲಿ ಕತ್ತರಿಸಿ ನೋಡಿದಾಗ ಮರ್ಯಾದೆ ಹೋಗುತ್ತದೆ. ನಾಲ್ಕೈದು ದಿನದಲ್ಲಿ ತೂಕ ಅರ್ಧದ ಹತ್ತಿರ ಇಳಿಯುತ್ತದೆ. ಪೂರ್ತಿ ಪೆಟ್ಟಿಗೆಯಲ್ಲೇ ಒಣಗಿಸಬೇಕೆಂದಿಲ್ಲ. ಬೂಷ್ಟು ಬರುವುದು ಮೊದಲ ಎರಡು ರಾತ್ರಿಯಲ್ಲಿ. ಅಷ್ಟನ್ನು ದಾಟಿಸಿದರೆ ಮುಂದೆ ಬಿಸಿಲು ಬಂದ ದಿನ ಅಂಗಳಕ್ಕೆ ಹಾಕಬಹುದು. ತಟ್ಟಿಗಳನ್ನು ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಮೇಲೆ ಕೆಳಗೆ ಮಾಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬಣ್ಣದ ಗುಟ್ಟು ಅರ್ಧ ಚೊಗರಿನಲ್ಲಿದೆ (ಅಡಿಕೆ ಬೇಯಿಸಿದ ಕೆಂಪು ರಸ), ಇನ್ನರ್ಧ ಅದರಲ್ಲಿದೆ. ಮನೆಗೆ ಬಂದು ಒಂದು ರಾತ್ರಿ ನನ್ನ ಜೊತೆ ನಿದ್ದೆಗೆಡುವವರಿಗೆ ತೋರಿಸುತ್ತೇನೆ.

ಶಿವಮೊಗ್ಗದ ಮಂಡಿಯಲ್ಲಿ ಮೊದಲ ವರ್ಷ ಚೀಲ ಬಿಚ್ಚಿದಾಗ ವ್ಯಾಪಾರಿ ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿ ನೋಡಿದರು. ಹೊಗೆಯ ವಾಸನೆ ಹುಡುಕುತ್ತಿದ್ದರು. ಮಳೆಗಾಲದ ಮಾಲಿಗೆ ಕ್ವಿಂಟಲಿಗೆ ಎರಡು ಮೂರು ಸಾವಿರ ಮುರಿದುಕೊಳ್ಳುವುದು ಪ್ರತಿ ವರ್ಷದ ಪದ್ಧತಿ. ಆ ಸಲ ಮುರಿದುಕೊಳ್ಳಲು ಕಾರಣ ಸಿಗಲಿಲ್ಲ. ಒಂದು ಸಂಶಯ ಮಾತ್ರ ಅವರಿಗೆ ಉಳಿದಿರಬೇಕು, ಯಾಕೆಂದರೆ "ಇದು ಈ ವರ್ಷದ್ದೇ ತಾನೇ ರಾಯರೇ?" ಎಂದು ಕೇಳಿದರು.

ದುಡ್ಡಿನ ವಿಚಾರ. ಟರ್ಬೈನ್, ಜನರೇಟರ್, ಕಂಟ್ರೋಲರ್ ಸೇರಿ ಆಗ ಎಪ್ಪತ್ತು ಸಾವಿರದ ಆಸುಪಾಸು. ಎರಡು ಸಲದ ಪೈಪು ಸೇರಿಸಿದರೆ ಐವತ್ತು. ಕಟ್ಟೆ, ತೊಟ್ಟಿ, ಟರ್ಬೈನ್ ಮನೆ ಹದಿನೈದು. ಒಣಗಿಸುವ ಪೆಟ್ಟಿಗೆಗೆ ಸುಟ್ಟ ಫ್ಯಾನು, ಇಲಿಗಳ ಗೋಡೆ ಎಲ್ಲ ಸೇರಿ ಇಪ್ಪತ್ತೈದು. ಒಟ್ಟು ಒಂದು ಲಕ್ಷ ಅರವತ್ತು ಸಾವಿರ ಎಂದಿಟ್ಟುಕೊಳ್ಳಿ. ನಮ್ಮ ಕಡೆ ಮೊದಲು ಹಾಕಿಸಿದ ಕೆಲವರಿಗೆ ಸಹಾಯಧನ ಸಿಕ್ಕಿತ್ತು. ನನ್ನ ಅರ್ಜಿ ಯಾವುದೋ ಮೇಜಿನ ಮೇಲೆ ಮಲಗಿ ಅಲ್ಲೇ ನಿವೃತ್ತಿಯಾಯಿತು. ಉಳಿತಾಯದ ಕಡೆ ನೋಡಿದರೆ ಒಣಗಿಸುವ ಸೌದೆ ಪಿಕಪ್‌ನಲ್ಲಿ ಎರಡು ಲೋಡ್ ತಪ್ಪಿದೆ, ಬೆಲೆಯಲ್ಲಿ ಮುರಿತ ತಪ್ಪಿದೆ, ಇನ್ವರ್ಟರ್ ಬ್ಯಾಟರಿ ಬದಲಿಸುವುದು ತಪ್ಪಿದೆ. ವರ್ಷಕ್ಕೆ ಇಪ್ಪತ್ತೈದು ಸಾವಿರ ಉಳಿಯುತ್ತದೆ ಎಂಬುದು ನನ್ನ ಅಂದಾಜು. ನನ್ನ ಹೆಂಡತಿಯ ಲೆಕ್ಕದಲ್ಲಿ ಹದಿನೈದು. ಪೆಟ್ಟಿಗೆಯ ದುಡ್ಡು ಹುಟ್ಟಿದೆ, ಅದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಪೆಟ್ಟಿಗೆ ಖಾಲಿ ಇರುವುದನ್ನು ನೋಡಲಾಗದೆ ಜುಲೈನಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. ಜಾಯಿಕಾಯಿ ಪತ್ರೆ ಅದ್ಭುತವಾಗಿ ಬಂತು. ಅದು ಬೀಳುವುದೇ ಮಳೆಯಲ್ಲಿ, ಎಲ್ಲರೂ ಒಲೆಯ ಮೇಲೆ ನೇತುಹಾಕಿ ಕಪ್ಪು ಮಾಡುತ್ತಾರೆ. ಹದವಾದ ಬಿಸಿಯಲ್ಲಿ ಕೆಂಪು ಉಳಿಯಿತು, ಕಿಲೋಗೆ ಸಾವಿರದ ಮೇಲೆ ಮಾರುವ ವಸ್ತುವಿಗೆ ಬಣ್ಣವೇ ಬೆಲೆ. ಮರ ಮಾತ್ರ ನಮ್ಮಲ್ಲಿ ಇರುವುದು ಬೆರಳೆಣಿಕೆಯಷ್ಟು. ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ಒಣಗಿಸಲು ಜನ ಕಾಡಿನಿಂದ ರಾಶಿ ರಾಶಿ ಸೌದೆ ತರುತ್ತಾರಲ್ಲ, ಅದಕ್ಕೂ ಇದೇ ಮದ್ದು ಎಂದುಕೊಂಡು ಒಂದು ತಟ್ಟಿ ಹಾಕಿದೆ. ಒಣಗುವುದೇನೋ ಒಣಗಿತು, ಆದರೆ ಅದರ ಹುಳಿ ರಸ ತೊಟ್ಟಿಕ್ಕಿ ಕೆಳಗಿನ ಕಬ್ಬಿಣದ ಜಾಲರಿಯನ್ನು ತಿಂದುಹಾಕಿತು. ಸ್ಟೀಲ್ ಜಾಲರಿ ಹಾಕಿಸಿದರೆ ನಡೆಯಬಹುದು, ಈ ಮಳೆಗಾಲದಲ್ಲಿ ನೋಡಬೇಕು. ಕಾಳುಮೆಣಸು ಬರುವ ಹೊತ್ತಿಗೆ ಹಳ್ಳದಲ್ಲಿ ನೀರಿಲ್ಲ, ಬಿಸಿಲಿಗೆ ಬರವೂ ಇಲ್ಲ.

ದಿನದ ಕಿರಿಕಿರಿ ಎಂದರೆ ದರಕು. ಮೊದಲ ಮಳೆಗೆ ಕಾಡಿನ ಎಲೆಯೆಲ್ಲ ಬಂದು ಪೈಪಿನ ಬಾಯಿಗೆ ಕೂರುತ್ತದೆ. ಜಾಲರಿಯನ್ನು ನೇರವಾಗಿ ನಿಲ್ಲಿಸದೆ, ನೀರು ಮೇಲಿಂದ ಜಾರಿಹೋಗುವ ಹಾಗೆ ಓರೆಯಾಗಿ ಇಟ್ಟ ಮೇಲೆ ರಾತ್ರಿ ಬ್ಯಾಟರಿ ಹಿಡಿದು ಗುಡ್ಡ ಹತ್ತುವುದು ತಪ್ಪಿತು. ಮರಳು ನಾಝಲನ್ನು ಸವೆಸುತ್ತದೆ, ಎರಡು ಬಿಡಿ ಇಟ್ಟುಕೊಂಡಿರಿ. ಅಕ್ಟೋಬರಿನ ಗುಡುಗಿಗೆ ಒಂದು ಕಂಟ್ರೋಲರ್ ಹೋಗಿದೆ, ಈಗ ಸಂಜೆ ಮೋಡ ಕಪ್ಪಾದರೆ ನೀರನ್ನೇ ತಿರುಗಿಸಿಬಿಡುತ್ತೇನೆ.

ಹತ್ತು ಎಕರೆ ತೋಟದವರು ಈ ಪೆಟ್ಟಿಗೆಯನ್ನು ನಂಬಿ ಕೂರಬಾರದು. ನಮ್ಮಂಥ ಎರಡು ಮೂರು ಎಕರೆಯವರ ಮೊದಲ ಕೊಯ್ಲಿಗೆ ಮಾತ್ರ ಇದು. ಜುಲೈನಲ್ಲಿ ಹಳ್ಳದ ಆರ್ಭಟ ನೋಡಿ ಯಂತ್ರಕ್ಕೆ ಮುಂಗಡ ಕೊಡಬೇಡಿ. ನವೆಂಬರ್ ನಡುವಿನಲ್ಲಿ ಒಂದು ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಅಳೆಯಿರಿ. ಹದಿನೈದು ಲೀಟರಿನ ಬಕೆಟ್ ತುಂಬಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ನನ್ನಷ್ಟೇ ಇಳಿಜಾರು ಇದ್ದವರಿಗೂ ಪೆಟ್ಟಿಗೆ ಕಾಯುವುದಿಲ್ಲ.